ಸೇರಿದವರು ಉಳಿಯಬೇಕಾದರೆ

ಶಾಲೆಯ ಹಾಜರಿ ಪುಸ್ತಕವನ್ನು ನೀವೆಲ್ಲರೂ ಬಲ್ಲಿರಿ. ಜೂನ್ ತಿಂಗಳಲ್ಲಿ ಅದರಲ್ಲಿ ಅರುವತ್ತು ಹೆಸರುಗಳಿದ್ದರೆ, ದಸರೆ ಕಳೆಯುವ ಹೊತ್ತಿಗೆ ಒಂದೆರಡು ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟಿರುತ್ತವೆ. ಕೊನೆಗೊಂದು ದಿನ ಆ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ: "ಅವನಿಗೆ ವಿದ್ಯೆ ತಲೆಗೆ ಹತ್ತಲಿಲ್ಲ." ಈ ಮಾತು ನಿಜವೆ? ವಿದ್ಯೆಯೇ ಅವನಿಗೆ ಹತ್ತಲಿಲ್ಲವೋ, ಅಥವಾ ವಿದ್ಯೆಯ ಬಳಿಗೆ ಬರುವ ದಾರಿಯಲ್ಲಿ ಏನಾದರೂ ಅಡ್ಡ ಬಿದ್ದಿತೋ? ಈ ಪ್ರಶ್ನೆಯನ್ನು ಊಹೆಗೆ ಬಿಡದೆ, ಲೆಕ್ಕವಿಟ್ಟು ಪರೀಕ್ಷಿಸಿದ ಒಂದು ಪ್ರಯತ್ನ ಅಮೆರಿಕ ದೇಶದಲ್ಲಿ ನಡೆದಿದೆ. ಅದರ ವಿಷಯವನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಆ ದೇಶದಲ್ಲಿ ಕಮ್ಯೂನಿಟಿ ಕಾಲೇಜು ಎಂಬ ಒಂದು ಬಗೆಯ ವಿದ್ಯಾಸಂಸ್ಥೆ ಉಂಟು. ಊರವರ ಕಾಲೇಜು ಎಂದರೆ ಅರ್ಥ ಸರಿಹೋದೀತು. ಷಿಕಾಗೋ ನಗರಕ್ಕೆ ಸಮೀಪದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಇಂಥ ಕಾಲೇಜೊಂದು ಆರು ಮಂದಿ ವಿದ್ಯಾರ್ಥಿಗಳಿಂದ ಆರಂಭವಾಯಿತು. ಅದನ್ನು ಆರಂಭಿಸಿದವರಲ್ಲಿ ಒಬ್ಬರು ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್. ಇನ್ನೊಬ್ಬರು ಆ ಊರಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್. ಮುಂದೆ 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು ಇಂಥ ಕಾಲೇಜುಗಳು ದೇಶದಲ್ಲೆಲ್ಲ ಬೆಳೆಯಬೇಕೆಂದು ಹೇಳಿತು. ಇಂದು ಅವುಗಳ ಸಂಖ್ಯೆ ಸುಮಾರು ಒಂದು ಸಾವಿರ. ಎರಡು ವರ್ಷದ ವ್ಯಾಸಂಗ. ಶುಲ್ಕ ಇತರ ಕಾಲೇಜುಗಳಿಗಿಂತ ಕಡಮೆ. ಹೈಸ್ಕೂಲು ಮುಗಿಸಿ ಬಂದವರಿಗೆ ಸಾಮಾನ್ಯವಾಗಿ ಅಲ್ಲಿ ಬಾಗಿಲು ಮುಚ್ಚುವುದಿಲ್ಲ. ಹಗಲು ಅಂಗಡಿಯಲ್ಲಿ ದುಡಿಯುವ ಹುಡುಗ, ಮಗುವನ್ನು ಸಾಕುತ್ತಿರುವ ತಾಯಿ, ಬೇರೆ ದೇಶದಿಂದ ಬಂದು ಇಂಗ್ಲಿಷ್ ಕಲಿಯುತ್ತಿರುವವನು, ಎಲ್ಲರೂ ಅಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಾರೆ.

ಆದರೆ ಸುಲಭವಾಗಿ ಒಳಗೆ ಬಂದವರು ಅಷ್ಟೇ ಸುಲಭವಾಗಿ ಹೊರಗೂ ಹೋಗುತ್ತಿದ್ದರು. ಎರಡು ವರ್ಷದ ಓದನ್ನು ಮೂರು ವರ್ಷವಾದರೂ ಮುಗಿಸದವರೇ ಹೆಚ್ಚು. ಹೀಗೆ ಬಿಟ್ಟುಹೋದವರ ಕೈಯಲ್ಲಿ ಪದವಿಯೂ ಇಲ್ಲ, ಕಳೆದ ಕಾಲವೂ ಇಲ್ಲ. ಎಷ್ಟೋ ಜನರಿಗೆ ಸಾಲ ಮಾತ್ರ ಉಳಿಯುತ್ತದೆ. ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಆತಿಥ್ಯ ಮುಗಿಯಿತೆ ಎಂಬ ಯೋಚನೆ ಆಗ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯದವರಿಗೆ ಬಂದಿತು. 2007ರಲ್ಲಿ ಅವರು ತಮ್ಮ ಕಮ್ಯೂನಿಟಿ ಕಾಲೇಜುಗಳಲ್ಲಿ ಒಂದು ಏರ್ಪಾಟನ್ನು ಆರಂಭಿಸಿದರು. ಅದರ ಉದ್ದನೆಯ ಹೆಸರನ್ನು ಚಿಕ್ಕದು ಮಾಡಿ ಅಲ್ಲಿ 'ಏಸಾಪ್' ಎಂದು ಕರೆಯುತ್ತಾರೆ.

ಏನು ಆ ಏರ್ಪಾಟು? ಕೇಳಿದರೆ ನಿಮಗೆ ಬಹಳ ಸಾಮಾನ್ಯವೆಂದು ತೋರಬಹುದು. ವಿದ್ಯಾರ್ಥಿವೇತನ ಕಳೆದು ಶುಲ್ಕದಲ್ಲಿ ಉಳಿದ ಬಾಕಿಯನ್ನು ಕಾಲೇಜೇ ಮನ್ನಾ ಮಾಡಿತು. ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಟ್ಟಿತು. ಬಸ್ಸಿಗೂ ನೆಲದಡಿಯ ರೈಲಿಗೂ ತಿಂಗಳ ಪಾಸನ್ನು ಕೊಟ್ಟಿತು. ಗಣಿತದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಹಿಂದುಳಿದವರಿಗೆ ಪೂರಕ ಪಾಠವನ್ನು ಮುಂದೂಡದೆ ಮೊದಲಲ್ಲೇ ಮುಗಿಸುವಂತೆ ಹೇಳಿತು. ಎಲ್ಲಕ್ಕೂ ಹೆಚ್ಚಾಗಿ, ಪ್ರತಿಯೊಬ್ಬನಿಗೂ ಒಬ್ಬ ಸಲಹೆಗಾರರನ್ನು ಗೊತ್ತುಮಾಡಿತು. ಆ ಕಾಲೇಜುಗಳಲ್ಲಿ ರೂಢಿಯಂತೆ ಒಬ್ಬ ಸಲಹೆಗಾರರ ಪಾಲಿಗೆ 600ರಿಂದ 1,500 ವಿದ್ಯಾರ್ಥಿಗಳು ಬೀಳುತ್ತಿದ್ದರು. ಅಷ್ಟು ಜನರ ಹೆಸರನ್ನು ನೆನಪಿನಲ್ಲಿಡುವುದೇ ದುಸ್ತರ. ಕಷ್ಟಸುಖ ಕೇಳುವುದೆಲ್ಲಿ ಬಂತು? ಹೊಸ ಏರ್ಪಾಟಿನಲ್ಲಿ ಆ ಸಂಖ್ಯೆಯನ್ನು 60ರಿಂದ 80ಕ್ಕೆ ಇಳಿಸಿದರು.

ಇದು ಬರಿಯ ದಾನವಾಗಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ವಿದ್ಯಾರ್ಥಿಯು ಪೂರ್ಣಕಾಲದ ವ್ಯಾಸಂಗಕ್ಕೆ ಒಪ್ಪಬೇಕಾಗಿತ್ತು. ಸಲಹೆಗಾರರನ್ನು ತಪ್ಪದೆ ಕಂಡು ಮಾತನಾಡಬೇಕಾಗಿತ್ತು. ಹೀಗೆ ನಡೆದುಕೊಂಡವನಿಗೆ ಮಾತ್ರ ಆ ತಿಂಗಳ ಪಾಸು. ಪಾಸಿನ ನೆವದಲ್ಲಿ ಹುಡುಗ ಬಂದ, ಬಂದವನನ್ನು ಹಿರಿಯರೊಬ್ಬರು ಕೂರಿಸಿಕೊಂಡು, "ಏನಪ್ಪ, ಹೋದ ವಾರದ ಲೆಕ್ಕ ಅರ್ಥವಾಯಿತೆ? ಮನೆಯಲ್ಲಿ ಎಲ್ಲ ಸರಿಯಾಗಿದೆಯೆ?" ಎಂಬರ್ಥದ ಮಾತನ್ನು ಕೇಳಿದರು. ಇದರ ಗುಟ್ಟೆಲ್ಲ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಇನ್ನು ಫಲವೇನಾಯಿತೆಂಬುದನ್ನು ನೋಡೋಣ. 2010ರಲ್ಲಿ ಮ್ಯಾನ್‌ಹಟನ್, ಕಿಂಗ್ಸ್‌ಬರೋ ಮತ್ತು ಲಗ್ವಾರ್ಡಿಯಾ ಎಂಬ ಮೂರು ಕಾಲೇಜುಗಳಲ್ಲಿ, ಎಂ.ಡಿ.ಆರ್.ಸಿ. ಎಂಬ ಸಂಶೋಧನ ಸಂಸ್ಥೆಯು 896 ವಿದ್ಯಾರ್ಥಿಗಳನ್ನು ಆರಿಸಿಕೊಂಡಿತು. ಎಲ್ಲರೂ ಕಡಮೆ ವರಮಾನದವರು. ಎಲ್ಲರಿಗೂ ಒಂದೆರಡು ಪೂರಕ ಪಾಠಗಳ ಅಗತ್ಯವಿತ್ತು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಏರ್ಪಾಟನ್ನೂ ಇನ್ನೊಂದಕ್ಕೆ ಕಾಲೇಜಿನ ವಾಡಿಕೆಯ ಏರ್ಪಾಟನ್ನೂ ಒದಗಿಸಿದರು. ಮೂರು ವರ್ಷ ಕಳೆದ ಮೇಲೆ ಎಣಿಸಿ ನೋಡಿದರೆ, ವಾಡಿಕೆಯ ಗುಂಪಿನಲ್ಲಿ ಓದು ಮುಗಿಸಿದವರು ನೂರಕ್ಕೆ 22 ಮಂದಿ. ಹೊಸ ಏರ್ಪಾಟಿನಲ್ಲಿ ನೂರಕ್ಕೆ 40 ಮಂದಿ.

ಈ ಎರಡು ಅಂಕಿಗಳ ನಡುವಣ ಅಂತರವನ್ನು ಸ್ವಲ್ಪ ಯೋಚಿಸಿರಿ. ಚೀಟಿಯು ಬುದ್ಧಿವಂತರನ್ನು ಒಂದು ಕಡೆಗೂ ಮಂದಮತಿಗಳನ್ನು ಇನ್ನೊಂದು ಕಡೆಗೂ ಹಾಕಲಾರದು. ಎರಡು ಗುಂಪಿನವರೂ ಒಂದೇ ನೆಲದ ಪೈರು. ಹಾಗಿರುವಾಗ ನೂರರಲ್ಲಿ ಹದಿನೆಂಟು ಮಂದಿ ಒಂದು ಕಡೆ ಗೆದ್ದರು, ಇನ್ನೊಂದು ಕಡೆ ಅಷ್ಟೇ ಮಂದಿ ನಿಂತರು ಎಂದರೆ, ಆ ಸೋಲು ಅವರ ತಲೆಯದಲ್ಲ. ಅವರನ್ನು ಕೇಳುವವರಿಲ್ಲದುದರ ಫಲ. 'ವಿದ್ಯೆ ಹತ್ತಲಿಲ್ಲ' ಎಂದು ನಾವು ಹಣೆಯ ಮೇಲೆ ಬರೆಯುವ ಬರಹ ಎಷ್ಟೋ ವೇಳೆ ಸುಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಇದಕ್ಕೆಲ್ಲ ಹಣ ಎಲ್ಲಿಂದ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮೂರು ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬನಿಗೆ ವಾಡಿಕೆಗಿಂತ ಸುಮಾರು 16,300 ಡಾಲರು ಹೆಚ್ಚು ವೆಚ್ಚವಾಯಿತು. ಆದರೆ ರೈತನು ಬಿತ್ತಿದ ಎಕರೆಗೆ ಎಷ್ಟು ಬಿತ್ತೆಂಬುದನ್ನು ಮಾತ್ರ ನೋಡುವುದಿಲ್ಲ. ಕಣದಿಂದ ಮನೆಗೆ ಬಂದ ಚೀಲವೊಂದಕ್ಕೆ ಎಷ್ಟು ಬಿತ್ತೆಂದು ನೋಡುತ್ತಾನೆ. ಹಾಗೆ ನೋಡಿದಾಗ ಪದವಿಯೊಂದಕ್ಕೆ ತಗಲಿದ ವೆಚ್ಚವು ಹೊಸ ಏರ್ಪಾಟಿನಲ್ಲಿಯೇ ಕಡಮೆ ಎಂದು ತಿಳಿದುಬಂದಿತು. ನಡುವೆ ಬಿಟ್ಟುಹೋಗುವ ವಿದ್ಯಾರ್ಥಿಯೇ ಎಲ್ಲಕ್ಕಿಂತ ದುಬಾರಿ ಎಂದಾಯಿತಷ್ಟೆ.

ನ್ಯೂಯಾರ್ಕಿನಂಥ ಮಹಾನಗರದಲ್ಲಿ ನಡೆದದ್ದು ಬೇರೆಡೆ ನಡೆದೀತೆ ಎಂಬ ಸಂಶಯವೂ ಉಂಟು. ಒಹಾಯೋ ರಾಜ್ಯದ ಮೂರು ಕಾಲೇಜುಗಳು ಇದನ್ನು ಅನುಸರಿಸಿದವು. ಅಲ್ಲಿ ಬಸ್ ಪಾಸಿಗೆ ಬದಲು ಪೆಟ್ರೋಲಿಗೋ ಮನೆಯ ದಿನಸಿಗೋ ಒದಗುವ ಚೀಟಿಯನ್ನು ಕೊಟ್ಟರು. ಊರಿಗೆ ತಕ್ಕ ಅಡ್ಡಿ, ಅಡ್ಡಿಗೆ ತಕ್ಕ ಪರಿಹಾರ. ಅಲ್ಲಿಯೂ ಮೂರು ವರ್ಷಗಳಲ್ಲಿ ಮುಗಿಸಿದವರು ನೂರಕ್ಕೆ 19ರಿಂದ 35ಕ್ಕೆ ಏರಿದರು.

ನಮ್ಮ ಹಿರಿಯರಿಗೆ ಇದರ ತಿರುಳು ಹೊಸದಲ್ಲ. ವಾರಾನ್ನವನ್ನು ನೆನೆಯಿರಿ. ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು ಓದಿದವರು ಮೈಸೂರು, ಧಾರವಾಡಗಳಂಥ ಊರುಗಳಲ್ಲಿ ಎಷ್ಟು ಮಂದಿ! ಆ ಪದ್ಧತಿಯಲ್ಲಿ ಅನ್ನದ ಜೊತೆಗೆ ಇನ್ನೊಂದು ವಸ್ತುವೂ ಹುಡುಗನಿಗೆ ದೊರೆಯುತ್ತಿತ್ತು. ಸೋಮವಾರದ ಮನೆಗೆ ಅವನು ಬಾರದಿದ್ದರೆ, "ಯಾಕೆ ಬರಲಿಲ್ಲ?" ಎಂದು ಕೇಳಲು ಆ ಮನೆಯಲ್ಲಿ ಒಬ್ಬ ತಾಯಿ ಇರುತ್ತಿದ್ದಳು. ಹಂಗಿನ ಅನ್ನದ ನೋವೂ, ಜಾತಿಯ ಕಟ್ಟೂ ಅದರಲ್ಲಿದ್ದವು. ಅವು ಮರಳಿ ಬರುವುದು ಬೇಡ. ಆ ವಿಚಾರಣೆ ಮಾತ್ರ ಉಳಿಯಬೇಕಾಗಿತ್ತು.

ಹಾಗೆಂದು ಏಸಾಪನ್ನು ಸಂಜೀವಿನಿಯೆಂದು ಹೊಗಳಲಾರೆ. ಇಷ್ಟೆಲ್ಲ ಮಾಡಿದರೂ ಮೂರು ವರ್ಷಕ್ಕೆ ನೂರರಲ್ಲಿ ಅರುವತ್ತು ಮಂದಿ ಓದು ಮುಗಿಸಲಿಲ್ಲ. ಆರು ವರ್ಷಗಳ ಬಳಿಕ ನ್ಯೂಯಾರ್ಕಿನಲ್ಲಿ ನೋಡಿದಾಗ ಒಂದು ಗುಂಪಿನಲ್ಲಿ 51, ಇನ್ನೊಂದರಲ್ಲಿ 41. ಅಂತರ ಕುಗ್ಗಿತ್ತು, ಅಳಿದಿರಲಿಲ್ಲ. ಬಡತನವನ್ನು ಕಾಲೇಜೊಂದೇ ನೀಗಲಾರದು. ಆದರೂ ನೂರರಲ್ಲಿ ಹತ್ತು ಮನೆಗಳ ದೀಪ ಸಣ್ಣ ಸಂಗತಿಯಲ್ಲ.

ಸರ್ಕಾರವೂ ವಿಶ್ವವಿದ್ಯಾನಿಲಯಗಳೂ ಮಾಡಬೇಕಾದ್ದು ಬಹಳವಿದೆ. ನಾವು ನೀವು ಮಾಡಬಹುದಾದದ್ದು ಇಷ್ಟು: ನಿಮ್ಮ ಬೀದಿಯ ಹುಡುಗನೋ ಹುಡುಗಿಯೋ ಬೆಳಗಿನ ಬಸ್ಸಿಗೆ ಹೋಗುವುದನ್ನು ನಿಲ್ಲಿಸಿದರೆ, ಪರೀಕ್ಷೆಯ ಫಲಿತಾಂಶ ಬರುವ ತನಕ ಕಾಯಬೇಡಿ. ಅದೇ ವಾರ ಕೇಳಿರಿ. "ಯಾಕೆ ಓದುತ್ತಿಲ್ಲ?" ಎಂದು ಗದರಿಸಿದರೆ ಉತ್ತರ ಬಾರದು. "ಪಾಸಿಗೆ ಹಣ ಕಟ್ಟಿದೆಯೇನಪ್ಪ? ಪುಸ್ತಕ ಇದೆಯೇನಮ್ಮ? ಮನೆಯಲ್ಲಿ ಯಾರಿಗಾದರೂ ಮೈಗೆ ಸರಿಯಿಲ್ಲವೆ?" ಎಂದು ಕೇಳಿರಿ. ಉತ್ತರ ಅನೇಕ ವೇಳೆ ನಿಮ್ಮ ಕೈಗೆ ಎಟುಕುವಷ್ಟು ಸಣ್ಣದಾಗಿರುತ್ತದೆ.