ತಾರಸಿಯ ಮೇಲೊಂದು ಹಸಿರುಮನೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹೊಲಗಳಲ್ಲಿ ಪಾಲಿಹೌಸ್ ನೋಡಿದ್ದೀರಿ. ಅಂಥದ್ದನ್ನು ನಗರದ ಕಟ್ಟಡಗಳ ಮೇಲೆ ವಿನ್ಯಾಸ ಮಾಡುವುದು ನನ್ನ ಕೆಲಸ. ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಮನೆಯ ಮೇಲೆ, ವಿದೇಶದ ಚಿತ್ರಗಳನ್ನು ನೋಡಿ, ಅಂದವಾದ ಗಾಜಿನ ಹಸಿರುಮನೆ ಕಟ್ಟಿಸಿದೆ. ಗಾಳಿಗೆಂದು ಪಕ್ಕದಲ್ಲಿ ಎರಡೇ ಕಿಟಕಿ. ಬೇಸಿಗೆ ಬಂದದ್ದೇ ಟೊಮೆಟೊ ಹೂವೆಲ್ಲ ಉದುರಿಹೋಯಿತು. ಒಳಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತಂತೆ. ಮನೆಯ ಯಜಮಾನಿ ಬೈಯಲಿಲ್ಲ. “ಹಪ್ಪಳ ಒಣಗಿಸೋಕೆ ಆಗುತ್ತೆ ಬಿಡಿ” ಎಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಆಮೇಲೆ ಸರಿಯಾಗಿ ಓದಿದೆ. ಸ್ಪೇನಿನ ಬಾರ್ಸಿಲೋನಾ ಸ್ವಾಯತ್ತ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಕಟ್ಟಡದಲ್ಲಿ ಮೇಲಿನ ಹಸಿರುಮನೆ ಕಟ್ಟಡದ ಅಂಗವೇ ಆಗಿದೆ. ಚಳಿಗಾಲದಲ್ಲಿ ಕೆಳಗಿನ ಪ್ರಯೋಗಾಲಯ, ಕಚೇರಿಗಳ ಬೆಚ್ಚನೆಯ ಗಾಳಿ ಗಿಡಗಳಿಗೆ ಹೋಗುತ್ತದೆ. ಜನರು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡ ಗಿಡಗಳಿಗೆ ಒದಗುತ್ತದೆ. ಚಾವಣಿಯ ಮಳೆನೀರನ್ನು ಹಿಡಿದು ಉಣಿಸುತ್ತಾರೆ. ಮಣ್ಣಿನ ಬದಲು ಹಗುರವಾದ ಪರ್ಲೈಟ್ ಚೀಲಗಳು.

ಅದನ್ನೇ ಇಲ್ಲಿಗೆ ತಂದರೆ ಮತ್ತೆ ಹಪ್ಪಳವೇ! ಅವರಿಗೆ ಶಾಖ ಹಿಡಿಯುವ ಮನೆ ಬೇಕು, ನಮಗೆ ಶಾಖ ಬಿಡುವ ಮನೆ ಬೇಕು. ಬಿಸಿಗಾಳಿ ಮೇಲೇರುತ್ತದೆ ಎಂದು ಇದೇ ಶಾಲೆಯಲ್ಲಿ ಕಲಿತಿದ್ದೆ, ಕಟ್ಟುವಾಗ ಮರೆತಿದ್ದೆ. ಈಗ ಮಾಡಿನ ನೆತ್ತಿಯುದ್ದಕ್ಕೂ ಗಾಳಿಕಿಂಡಿ, ಪಕ್ಕಗಳಿಗೆ ಕೀಟ ತಡೆಯುವ ಬಲೆ, ಬೇಸಿಗೆಗೆ ನೆರಳುಪರದೆ, ಮಳೆನೀರಿಗೆ ತೊಟ್ಟಿ ಇಡುತ್ತೇನೆ.

ಇನ್ನೊಂದು, ಭಾರದ ಲೆಕ್ಕ. ಜನ ಓಡಾಡುವ ತಾರಸಿಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಗೆ ಲೆಕ್ಕ ಹಾಕಿರುತ್ತಾರೆ. ಅಷ್ಟು ಜಾಗದಲ್ಲಿ 15 ಸೆಂ.ಮೀ. ದಪ್ಪ ಹಸಿ ಮಣ್ಣು ಹರಡಿದರೆ 200 ಕಿಲೋ ದಾಟುತ್ತದೆ. ಎಂಜಿನಿಯರನ್ನು ಕೇಳದೆ ಮಡಿ ಮಾಡಬೇಡಿ.

ಮಕ್ಕಳೇ, ನಮ್ಮ ತಂಡದಿಂದ ಶಾಲೆಗೆ ಒಂದು ಉಷ್ಣಮಾಪಕ, ಒಂದು ಮಳೆಮಾಪಕ ಕೊಡುತ್ತಿದ್ದೇವೆ. ಒಂದು ವರ್ಷ ಈ ತಾರಸಿಯ ತಾಪಮಾನವನ್ನು ಬೆಳಿಗ್ಗೆ, ಮಧ್ಯಾಹ್ನ ಬರೆದಿಡಿ, ಮಳೆಯನ್ನೂ ಅಳೆಯಿರಿ. ನಾನು ಮಾಡದೆ ಬಿಟ್ಟಿದ್ದ ಕೆಲಸ ಅದು. ಆ ಪುಸ್ತಕ ಸಿದ್ಧವಾದ ದಿನ ಕರೆಯಿರಿ, ಬರುತ್ತೇನೆ. ಬಿಸಿಯೂಟದ ಸೊಪ್ಪಿಗಾಗಿ ಇಲ್ಲಿಗೆ ಒಪ್ಪುವ ಹಸಿರುಮನೆಯ ನಕ್ಷೆಯನ್ನು ಕೂತು ಬರೆಯೋಣ.