ಟೆನಿಸ್ ಬಾಲ್ ಎಸೆದು 100 ಕೋಟಿ ಯೂರೊ ಡೀಲ್ ನಿಲ್ಲಿಸಿದ ಫ್ಯಾನ್ಸ್

ಇವತ್ತು ಫುಟ್‌ಬಾಲ್ ವಿಷಯ. ಆದ್ರೆ ಗೋಲು, ಟ್ರಾನ್ಸ್‌ಫರ್, ಮೆಸ್ಸಿ ದೊಡ್ಡೋನಾ ರೊನಾಲ್ಡೊ ದೊಡ್ಡೋನಾ ಅನ್ನೋ ಜಗಳ, ಇದ್ಯಾವುದೂ ಇಲ್ಲ. ಇವತ್ತು ಆಟ ನೋಡೋಕೆ ಬರೋರ ಕಥೆ. ಜರ್ಮನಿಯ ಫ್ಯಾನ್ಸ್ ಕಥೆ.

2023ರ ಡಿಸೆಂಬರ್ 11. ಜರ್ಮನಿಯ ಮೊದಲ ಎರಡು ಡಿವಿಷನ್‌ಗಳ 36 ಕ್ಲಬ್‌ಗಳು ಒಂದು ಮೀಟಿಂಗ್ ಸೇರಿದ್ವು. ಅಜೆಂಡಾ ಏನಪ್ಪಾ ಅಂದ್ರೆ, ಲೀಗ್‌ನ ಟಿವಿ ಹಕ್ಕುಗಳನ್ನ ನೋಡಿಕೊಳ್ಳೋಕೆ ಒಂದು ಹೊಸ ಕಂಪನಿ ಮಾಡೋದು, ಅದರಲ್ಲಿ 8 ಪರ್ಸೆಂಟ್ ಪಾಲನ್ನ 20 ವರ್ಷಕ್ಕೆ ಒಬ್ಬ ಹೂಡಿಕೆದಾರರಿಗೆ ಕೊಡೋದು. ಸಿಗೋ ದುಡ್ಡು ಹತ್ತಿರ ಹತ್ತಿರ 100 ಕೋಟಿ ಯೂರೊ. ನಮ್ಮ ಲೆಕ್ಕದಲ್ಲಿ ಆಗಿನ ದರಕ್ಕೆ ಸುಮಾರು 9,000 ಕೋಟಿ ರೂಪಾಯಿ. ಪಾಸ್ ಆಗೋಕೆ ಮೂರನೇ ಎರಡು ಬಹುಮತ ಬೇಕು, ಅಂದ್ರೆ 24 ವೋಟು. ಬಿದ್ದಿದ್ದು ಸರಿಯಾಗಿ 24. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ.

ಮುಂದಿನ ವಾರಗಳಲ್ಲಿ ಆಗಿದ್ದು ಕೇಳಿ. ಮ್ಯಾಚ್ ಶುರುವಾದ್ರೂ ಸ್ಟ್ಯಾಂಡ್‌ನಲ್ಲಿ 12 ನಿಮಿಷ ಮೌನ. ಆಮೇಲೆ ಮೈದಾನಕ್ಕೆ ಚಿನ್ನದ ಬಣ್ಣದ ಪೇಪರ್ ಸುತ್ತಿದ ಚಾಕೊಲೇಟ್ ನಾಣ್ಯಗಳ ಮಳೆ. ಜನವರಿ, ಫೆಬ್ರವರಿಗೆ ಅದು ಟೆನಿಸ್ ಬಾಲ್ ಆಯ್ತು. ನೂರಾರು ಹಳದಿ ಬಾಲ್. ರೆಫರಿ ಆಟ ನಿಲ್ಲಿಸಬೇಕು, ಆಟಗಾರರು ಬಾಲ್ ಹೆಕ್ಕಬೇಕು, ಮತ್ತೆ ಶುರು ಮಾಡಬೇಕು, ಮತ್ತೆ ಬಾಲ್ ಬೀಳುತ್ತೆ. ರಿಮೋಟ್ ಕಾರುಗಳು ಹೊಗೆ ಬಿಡ್ತಾ ಮೈದಾನ ಸುತ್ತಿದ್ವು. ಕೆಲವು ಮ್ಯಾಚ್‌ಗಳು ಅರ್ಧ ಗಂಟೆ ಹತ್ತಿರ ನಿಂತುಹೋದ್ವು. ಟಿವಿಯಲ್ಲಿ ನೇರ ಪ್ರಸಾರ ಬೇರೆ.

2024ರ ಫೆಬ್ರವರಿ 21ಕ್ಕೆ ಲೀಗ್ ಮಂಡಳಿ ಡೀಲ್ ಕೈಬಿಟ್ಟಿತು. ಅಷ್ಟೇ. ಮುಗೀತು.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಸುದ್ದಿ ಓದಿದಾಗ ನನ್ನ ತಲೇಲಿ ಬಂದ ಪ್ರಶ್ನೆ "ವಾಹ್, ಎಂಥಾ ಪ್ಯಾಶನ್" ಅಂತ ಅಲ್ಲ. ಪ್ರಶ್ನೆ ಇದು: ಕೋಟಿಗಟ್ಟಲೆ ದುಡ್ಡಿನ ವಿಷಯದಲ್ಲಿ, ಸ್ಟ್ಯಾಂಡ್‌ನಲ್ಲಿ ನಿಂತು ಕೂಗೋರ ಮಾತನ್ನ ಸೂಟ್ ಹಾಕಿದವರು ಯಾಕೆ ಕೇಳಿದ್ರು? ಗಲಾಟೆ ಎಲ್ಲಾ ದೇಶದ ಫ್ಯಾನ್ಸೂ ಮಾಡ್ತಾರೆ. ಎಲ್ಲಾ ಕಡೆ ಡೀಲ್ ನಿಲ್ಲಲ್ಲ. ಇಲ್ಲಿ ಮಾತ್ರ ಯಾಕೆ?

ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. 50+1.

ಇದನ್ನ ಸರಳವಾಗಿ ಹೇಳ್ತೀನಿ. ನಿಮ್ಮೂರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಇರುತ್ತಲ್ಲ? ಎರಡು ಹಸು ಇರೋರಿಗೂ ಒಂದೇ ವೋಟು, ಇಪ್ಪತ್ತು ಹಸು ಇರೋರಿಗೂ ಒಂದೇ ವೋಟು. ಜರ್ಮನಿಯ ಕ್ಲಬ್‌ಗಳು ಹುಟ್ಟಿದ್ದು ಹೆಚ್ಚುಕಮ್ಮಿ ಹೀಗೇ, ನೋಂದಾಯಿತ ಸಂಘಗಳಾಗಿ. ವರ್ಷದ ಶುಲ್ಕ ಕಟ್ಟಿದ್ರೆ ಸದಸ್ಯ, ಸದಸ್ಯನಾದ್ರೆ ವಾರ್ಷಿಕ ಸಭೆಯಲ್ಲಿ ವೋಟು. ಬಾಯರ್ನ್ ಮ್ಯೂನಿಕ್‌ಗೆ ಇಂಥ ಸದಸ್ಯರು 3 ಲಕ್ಷಕ್ಕೂ ಹೆಚ್ಚು.

1998ರಲ್ಲಿ ಕ್ಲಬ್‌ಗಳಿಗೆ ತಮ್ಮ ಫುಟ್‌ಬಾಲ್ ವಿಭಾಗವನ್ನ ಕಂಪನಿಯಾಗಿ ಮಾಡ್ಕೊಳ್ಳೋಕೆ ಅನುಮತಿ ಸಿಕ್ತು. ಜೊತೆಗೇ ಒಂದು ಷರತ್ತು: ಆ ಕಂಪನಿಯಲ್ಲಿ ಅರ್ಧಕ್ಕಿಂತ ಒಂದು ವೋಟು ಹೆಚ್ಚು ಮೂಲ ಸಂಘದ ಕೈಯಲ್ಲೇ ಇರಬೇಕು. ಇಲ್ಲಿ ಕಾಮರ್ಸ್ ಓದಿದವರು ಕಿವಿ ನೆಟ್ಟಗೆ ಮಾಡ್ಕೊಳ್ಳಿ. ಬಂಡವಾಳ ಬೇರೆ, ವೋಟು ಬೇರೆ. ದುಡ್ಡು ಎಷ್ಟಾದ್ರೂ ಹಾಕಿ, ಸ್ಟಿಯರಿಂಗ್ ಕೊಡಲ್ಲ. ಬೊರುಸಿಯಾ ಡೋರ್ಟ್‌ಮುಂಡ್ 2000ದಿಂದ ಷೇರು ಮಾರುಕಟ್ಟೆಯಲ್ಲಿದೆ, ಯಾರು ಬೇಕಾದ್ರೂ ಷೇರು ಕೊಳ್ಳಬಹುದು. ಆದ್ರೆ ಕಂಪನಿ ನಡೆಸೋ ಅಧಿಕಾರ ಇರೋದು ಪೂರ್ತಿ ಸಂಘದ ಒಡೆತನದ ಇನ್ನೊಂದು ಸಂಸ್ಥೆಗೆ. ಬಾಯರ್ನ್‌ನಲ್ಲಿ ಅಡಿಡಾಸ್, ಔಡಿ, ಅಲಿಯಾನ್ಸ್ ಮೂವರ ಪಾಲೂ ಸೇರಿದ್ರೆ 25 ಪರ್ಸೆಂಟ್. ಉಳಿದ 75 ಸಂಘದ್ದು.

ಅಂದ್ರೆ ಸ್ಟ್ಯಾಂಡ್‌ನಲ್ಲಿ ಟೆನಿಸ್ ಬಾಲ್ ಎಸೆದವರಲ್ಲಿ ಎಷ್ಟೋ ಜನ ಆ ಕ್ಲಬ್‌ನ ಮತದಾರರು. ಕ್ಲಬ್ ಅಧ್ಯಕ್ಷರು ಮುಂದಿನ ಸಭೆಯಲ್ಲಿ ಅವರ ಮುಂದೆಯೇ ಬಂದು ನಿಲ್ಲಬೇಕು. ಆ ಡಿಸೆಂಬರ್ ವೋಟಿನಲ್ಲೇ ನೋಡಿ: ಹ್ಯಾನೋವರ್ 96ರ ಮೂಲ ಸಂಘ ತನ್ನ ಪ್ರತಿನಿಧಿಗೆ "ವಿರುದ್ಧ ವೋಟು ಹಾಕಿ" ಅಂತ ಸೂಚನೆ ಕೊಟ್ಟಿತ್ತು. ವೋಟಿಂಗ್ ಗುಪ್ತವಾಗಿ ನಡೀತು. ಅವರು ಏನು ಹಾಕಿದ್ರು ಅಂತ ಬಾಯಿ ಬಿಡಲಿಲ್ಲ. ಒಂದೇ ಒಂದು ವೋಟಿನ ಮೇಲೆ ನಿಂತ ಡೀಲ್, ಆ ಒಂದು ವೋಟಿನ ಮೇಲೇ ಅನುಮಾನ. ಹಾಗಾಗಿ ಫ್ಯಾನ್ಸ್ ಕೇಳಿದ್ದು ಬರೀ "ದುಡ್ಡು ಬೇಡ" ಅಂತ ಅಲ್ಲ. "ನಮ್ಮ ವೋಟು ಎಲ್ಲಿ ಹೋಯ್ತು?" ಅಂತ.

ಈಗ ಸ್ಟೇಡಿಯಂ ಒಳಗೆ ಬನ್ನಿ.

ಡೋರ್ಟ್‌ಮುಂಡ್‌ನ ದಕ್ಷಿಣ ಸ್ಟ್ಯಾಂಡ್. ಒಂದೇ ಸ್ಟ್ಯಾಂಡ್‌ನಲ್ಲಿ ಹತ್ತಿರ ಹತ್ತಿರ 25,000 ಜನ, ಎಲ್ಲರೂ ನಿಂತುಕೊಂಡೇ. ಯುರೋಪಿನಲ್ಲೇ ದೊಡ್ಡ ನಿಲ್ಲೋ ಸ್ಟ್ಯಾಂಡ್ ಅದು. ಎಲ್ಲರ ಮೈಮೇಲೂ ಹಳದಿ, ಅದಕ್ಕೇ "ಹಳದಿ ಗೋಡೆ" ಅಂತಾರೆ. ಇಂಗ್ಲೆಂಡ್‌ನಲ್ಲಿ 1989ರ ಹಿಲ್ಸ್‌ಬರೋ ದುರಂತದಲ್ಲಿ 97 ಜನ ತೀರಿಕೊಂಡ ಮೇಲೆ ದೊಡ್ಡ ಲೀಗ್‌ಗಳಲ್ಲಿ ಎಲ್ಲರಿಗೂ ಸೀಟು ಕಡ್ಡಾಯ ಆಯ್ತು, ಟಿಕೆಟ್ ಬೆಲೆಯೂ ಏರ್ತಾ ಹೋಯ್ತು. ಜರ್ಮನ್ ಫ್ಯಾನ್ಸ್ ಹೋರಾಡಿ ನಿಲ್ಲೋ ಜಾಗ ಉಳಿಸಿಕೊಂಡ್ರು. ಅದರಿಂದ ಟಿಕೆಟ್ ಅಗ್ಗ. ಬಾಯರ್ನ್ ಥರದ ದೈತ್ಯ ಕ್ಲಬ್‌ನಲ್ಲೂ ನಿಂತು ನೋಡೋಕೆ 20 ಯೂರೊ ಒಳಗೇ ಆಗುತ್ತೆ. ಎಷ್ಟೋ ಕಡೆ ಅದೇ ಟಿಕೆಟ್‌ನಲ್ಲಿ ಸ್ಟೇಡಿಯಂಗೆ ಹೋಗಿ ಬರೋ ಬಸ್ಸು, ರೈಲೂ ಫ್ರೀ. ಕಾಲೇಜು ಹುಡುಗ, ಗೋದಾಮಿನಲ್ಲಿ ಕೆಲಸ ಮಾಡೋ ಹುಡುಗಿ, ರಿಟೈರ್ ಆದ ತಾತ, ಎಲ್ಲರೂ ಬರಬಹುದು. ಆ ಸದ್ದು ಬರೋದು ಇಲ್ಲಿಂದ. ಗಂಟಲಿಗೆ ವಯಸ್ಸೂ ಇರಬೇಕು, ಜೇಬಿಗೆ ಹೊಂದೋ ಬೆಲೆಯೂ ಇರಬೇಕು.

ಈ ಸದ್ದಿನ ನಡುವೆ ಇರೋರು ಅಲ್ಟ್ರಾಗಳು. ಇಟಲಿಯಲ್ಲಿ ಹುಟ್ಟಿದ ಸಂಸ್ಕೃತಿ, 90ರ ದಶಕದಲ್ಲಿ ಜರ್ಮನಿಯಲ್ಲಿ ಬೇರು ಬಿಡ್ತು. ಡ್ರಮ್, ಬಾವುಟ, ಇಡೀ ಸ್ಟ್ಯಾಂಡ್ ಮುಚ್ಚೋ ಚಿತ್ರಗಳು. ಆ ಚಿತ್ರಗಳಿಗೆ ತಾವೇ ಚಂದಾ ಎತ್ತಿ, ವಾರಗಟ್ಟಲೆ ಕೂತು ತಾವೇ ಬಣ್ಣ ಬಳೀತಾರೆ. ಸ್ಟ್ಯಾಂಡ್ ಮುಂದೆ ಎತ್ತರದಲ್ಲಿ ಒಬ್ಬ ಮೈಕ್ ಹಿಡಿದು ನಿಂತಿರ್ತಾನೆ, ಅವನಿಗೆ ಕಾಪೊ ಅಂತಾರೆ. ಹಾಡು ಶುರು ಮಾಡೋನು ಅವನು. ವಿಚಿತ್ರ ಏನಂದ್ರೆ ಅವನು ಮೈದಾನಕ್ಕೆ ಬೆನ್ನು ಮಾಡಿ ನಿಂತಿರ್ತಾನೆ. ದುಡ್ಡು ಕೊಟ್ಟು ಬಂದವನು ಮ್ಯಾಚನ್ನೇ ಸರಿಯಾಗಿ ನೋಡಲ್ಲ!

ಈ ಗಲಾಟೆ ಮಾಡೋರೇ ಒಂದು ಮರೆತುಹೋದ ಚರಿತ್ರೆಯನ್ನ ಎತ್ತಿ ತಂದಿದ್ದಾರೆ, ಅದನ್ನ ಹೇಳಲೇಬೇಕು. ಕುರ್ಟ್ ಲಾಂಡಾವರ್ ಅಂತ ಬಾಯರ್ನ್ ಕ್ಲಬ್‌ನ ಅಧ್ಯಕ್ಷರಿದ್ದರು. ಯಹೂದಿ. 1932ರಲ್ಲಿ ಬಾಯರ್ನ್ ಮೊದಲ ಸಲ ಜರ್ಮನ್ ಚಾಂಪಿಯನ್ ಆಗಿದ್ದು ಅವರ ಕಾಲದಲ್ಲೇ. ಮಾರನೇ ವರ್ಷ ನಾಜಿಗಳು ಅಧಿಕಾರಕ್ಕೆ ಬಂದ್ರು, ಲಾಂಡಾವರ್ ರಾಜೀನಾಮೆ ಕೊಡಬೇಕಾಯ್ತು. 1938ರಲ್ಲಿ ಅವರನ್ನ ಡಾಕಾವ್ ಶಿಬಿರಕ್ಕೆ ಹಾಕಿದ್ರು. ಅಲ್ಲಿಂದ ಬಿಡುಗಡೆಯಾಗಿ ಸ್ವಿಟ್ಜರ್ಲೆಂಡ್‌ಗೆ ಹೋದ್ರು. ಒಡಹುಟ್ಟಿದವರಲ್ಲಿ ನಾಲ್ವರನ್ನ ನಾಜಿಗಳು ಕೊಂದ್ರು. ಅಷ್ಟಾದ್ರೂ ಯುದ್ಧ ಮುಗಿದ ಮೇಲೆ, 1947ರಲ್ಲಿ ಮ್ಯೂನಿಕ್‌ಗೆ ವಾಪಸ್ ಬಂದು ಮತ್ತೆ ಅದೇ ಕ್ಲಬ್‌ನ ಅಧ್ಯಕ್ಷರಾದ್ರು. ಆಮೇಲೆ ದಶಕಗಟ್ಟಲೆ ಅವರ ಹೆಸರು ಹೆಚ್ಚು ಯಾರ ಬಾಯಲ್ಲೂ ಇರಲಿಲ್ಲ. ಅದನ್ನ ಮತ್ತೆ ಬೆಳಕಿಗೆ ತರೋದ್ರಲ್ಲಿ ಮುಂದೆ ನಿಂತಿದ್ದು ಶಿಕೇರಿಯಾ ಅನ್ನೋ ಬಾಯರ್ನ್ ಅಲ್ಟ್ರಾ ಗುಂಪು. ಅವರ ಹೆಸರಲ್ಲಿ ಟೂರ್ನಮೆಂಟ್ ಮಾಡಿದ್ರು, ಸ್ಟ್ಯಾಂಡ್ ತುಂಬಾ ಅವರ ಚಿತ್ರ ಬಿಡಿಸಿದ್ರು. 2013ರಲ್ಲಿ ಕ್ಲಬ್ ಅವರಿಗೆ ಗೌರವ ಅಧ್ಯಕ್ಷ ಸ್ಥಾನ ಕೊಡ್ತು, ತೀರಿಕೊಂಡು 50 ವರ್ಷ ದಾಟಿದ ಮೇಲೆ.

ಬರ್ಲಿನ್‌ನ ಪೂರ್ವ ಭಾಗದಲ್ಲಿ ಯೂನಿಯನ್ ಅಂತ ಕ್ಲಬ್ ಇದೆ. 2008ರಲ್ಲಿ ಸ್ಟೇಡಿಯಂ ಹಾಳಾಗಿತ್ತು, ಕೈಯಲ್ಲಿ ದುಡ್ಡಿಲ್ಲ. 2,000ಕ್ಕೂ ಹೆಚ್ಚು ಫ್ಯಾನ್ಸ್ ಬಂದು ಸಿಮೆಂಟ್ ಕಲಸಿ, ಕಬ್ಬಿಣ ಹೊತ್ತು, ಒಟ್ಟು 1,40,000 ಗಂಟೆ ಕೆಲಸ ಮಾಡಿ ತಾವೇ ಕಟ್ಟಿದ್ರು. ಸಂಬಳ ಇಲ್ಲ. 2019ರಲ್ಲಿ ಆ ಕ್ಲಬ್ ಮೊದಲ ಸಲ ಬುಂಡೆಸ್‌ಲಿಗಾಗೆ ಏರಿದಾಗ, ಆ ದಿನ ನೋಡದೇ ತೀರಿಕೊಂಡ ಫ್ಯಾನ್ಸ್‌ಗಳ ದೊಡ್ಡ ದೊಡ್ಡ ಫೋಟೋಗಳನ್ನ ಮೊದಲ ಮ್ಯಾಚ್‌ಗೆ ಎತ್ತಿ ಹಿಡಿದಿದ್ರು. ಅಪ್ಪ, ಅಮ್ಮ, ಗೆಳೆಯ, ನಾನೂರಕ್ಕೂ ಹೆಚ್ಚು ಮುಖಗಳು. ಈ ವಿಡಿಯೋ ಸಿಕ್ಕಿದ್ರೆ ಒಂದ್ಸಲ ನೋಡಿ.

ಇನ್ನು ಸಿಟ್ಟಿನ ವಿಷಯ. 2017-18ರ ಸೀಸನ್‌ನಲ್ಲಿ ಲೀಗ್ ಸೋಮವಾರ ರಾತ್ರಿ ಕೆಲವು ಮ್ಯಾಚ್ ಇಟ್ಟಿತು. ಟಿವಿಗೆ ಚೆನ್ನಾಗಿತ್ತು. ಆದ್ರೆ ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೋಗೋನು 500 ಕಿಲೋಮೀಟರ್ ದೂರದ ಊರಿಗೆ ಹೋಗಿ ಬರೋದು ಹೇಗೆ? 2018ರ ಫೆಬ್ರವರಿಯ ಒಂದು ಸೋಮವಾರ, 80 ಸಾವಿರ ಹಿಡಿಯೋ ಡೋರ್ಟ್‌ಮುಂಡ್ ಸ್ಟೇಡಿಯಂಗೆ ಬಂದವರು ಸುಮಾರು 54 ಸಾವಿರ. ಹಳದಿ ಗೋಡೆ ಬಹುಪಾಲು ಖಾಲಿ ಹೊಡೀತಿತ್ತು. ಅದೇ ವರ್ಷ ಲೀಗ್ ಘೋಷಿಸ್ತು: ಮುಂದಿನ ಟಿವಿ ಒಪ್ಪಂದದಿಂದ ಸೋಮವಾರದ ಮ್ಯಾಚ್ ಇರಲ್ಲ.

ಇಷ್ಟು ಕೇಳಿ ಇವರೆಲ್ಲಾ ದೇವರಂಥೋರು ಅಂದ್ಕೋಬೇಡಿ. ಆರ್‌ಬಿ ಲೈಪ್‌ಜಿಗ್ ಅಂತ 2009ರಲ್ಲಿ ಶುರುವಾದ ಕ್ಲಬ್ ಇದೆ, ಹಿಂದೆ ರೆಡ್ ಬುಲ್ ದುಡ್ಡು. ನಿಯಮದ ಪ್ರಕಾರ ಅಲ್ಲೂ ಸಂಘ ಇದೆ, ಆದ್ರೆ ವೋಟು ಹಾಕೋ ಸದಸ್ಯರು ಬೆರಳೆಣಿಕೆಯಷ್ಟು. ಕಾಗದದ ಮೇಲೆ ಕಾನೂನು ಸರಿ, ಒಳಗೆ ಟೊಳ್ಳು. ಈ ಕ್ಲಬ್ ಮೇಲೆ ಫ್ಯಾನ್ಸ್‌ಗೆ ಕೋಪ ಇರೋದು ಅರ್ಥ ಆಗುತ್ತೆ. ಆದ್ರೆ 2017ರ ಫೆಬ್ರವರಿಯಲ್ಲಿ ಡೋರ್ಟ್‌ಮುಂಡ್ ಫ್ಯಾನ್ಸ್‌ನ ಒಂದು ಗುಂಪು ಲೈಪ್‌ಜಿಗ್‌ನಿಂದ ಬಂದವರ ಮೇಲೆ ಕಲ್ಲು, ಬಾಟಲಿ ಎಸೀತು. ಬಂದವರಲ್ಲಿ ಹೆಂಗಸರು, ಮಕ್ಕಳೂ ಇದ್ರು. ಅದಕ್ಕೆ ಯಾವ ಸಿದ್ಧಾಂತದ ಸಮರ್ಥನೆಯೂ ಇಲ್ಲ. ಶಿಕ್ಷೆಯಾಗಿ ಒಂದು ಮ್ಯಾಚ್‌ಗೆ ಇಡೀ ದಕ್ಷಿಣ ಸ್ಟ್ಯಾಂಡ್ ಮುಚ್ಚಿಸಿದ್ರು, ಒಂದು ಲಕ್ಷ ಯೂರೊ ದಂಡ ಹಾಕಿದ್ರು. ಪಟಾಕಿ, ಬೆಂಕಿ ಜ್ವಾಲೆ ಹಚ್ಚೋದಕ್ಕೂ ನಿಷೇಧ ಇದೆ, ಆದ್ರೂ ಹಚ್ತಾರೆ, ದಂಡ ಕಟ್ಟೋದು ಕ್ಲಬ್.

ಇನ್ನೊಂದು ಬೆಲೆಯೂ ಇದೆ. ಹೊರಗಿನ ದುಡ್ಡು ಬರದಿದ್ರೆ ದೊಡ್ಡೋರು ದೊಡ್ಡೋರಾಗೇ ಉಳೀತಾರೆ. 2013ರಿಂದ 2023ರವರೆಗೆ ಸತತ 11 ವರ್ಷ ಬಾಯರ್ನ್ ಚಾಂಪಿಯನ್. ಆ ಸರಣಿ ಮುರಿದಿದ್ದು ಯಾರು? 2024ರಲ್ಲಿ ಬಾಯರ್ ಲೆವರ್‌ಕೂಸೆನ್, ಒಂದೂ ಮ್ಯಾಚ್ ಸೋಲದೆ. ಆ ಕ್ಲಬ್ ಔಷಧ ಕಂಪನಿ ಬಾಯರ್‌ನ ಒಡೆತನದ್ದು, 50+1ರಿಂದ ವಿನಾಯಿತಿ ಪಡೆದದ್ದು! ವಿರೋಧಿಗಳು ಇದನ್ನೇ ತೋರಿಸಿ ಕೇಳ್ತಾರೆ, "ನಿಮ್ಮ ನಿಯಮದಿಂದ ಏನು ಉಪಯೋಗ?" ಅಂತ. ನ್ಯಾಯವಾದ ಪ್ರಶ್ನೆ. ನಿಯಮದ ಪರ ಇರೋರ ಲೆಕ್ಕ ಬೇರೆ: ಕಪ್ ಸೋತ್ರೆ ಮುಂದಿನ ವರ್ಷ ಇದೆ, ಕ್ಲಬ್ ಮಾರಿಬಿಟ್ರೆ ವಾಪಸ್ ಬರಲ್ಲ.

ನನಗೆ ಎರಡನೇ ಲೆಕ್ಕ ಸರಿ ಅನ್ಸುತ್ತೆ. ಯಾಕೆ ಹೇಳ್ತೀನಿ.

ನಮ್ಮಲ್ಲೂ ಪ್ರೀತಿಗೆ ಕಮ್ಮಿ ಇಲ್ಲ. ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಆಡುವಾಗ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಹಾಡು ಕೇಳಿದ್ರೆ ಗೊತ್ತಾಗುತ್ತೆ. ಆರ್‌ಸಿಬಿಗೆ 18 ವರ್ಷ "ಈ ಸಲ ಕಪ್ ನಮ್ದೇ" ಅಂತ ಕಾದ ಜನ ನಾವು. ಆದ್ರೆ ಟಿಕೆಟ್ ಬೆಲೆ ಎಷ್ಟು ಇಡಬೇಕು, ತಂಡ ಯಾರಿಗೆ ಮಾರಬೇಕು, ಈ ಯಾವುದರಲ್ಲೂ ನಮ್ಮನ್ನ ಕೇಳೋರಿಲ್ಲ. "ನಮ್ದೇ" ಅನ್ನೋ ಮಾತು ಬಾಯಲ್ಲಿದೆ, ಯಾವ ಕಾಗದದಲ್ಲೂ ಇಲ್ಲ. ಜರ್ಮನ್ ಫ್ಯಾನ್ ನಮಗಿಂತ ಹೆಚ್ಚು ಪ್ರೀತಿಸ್ತಾನೆ ಅಂತ ನಾನು ಒಪ್ಪಲ್ಲ. ಅವನ ಪ್ರೀತಿಗೆ ಒಂದು ರಸೀದಿ ಇದೆ, ಸದಸ್ಯತ್ವದ ಕಾರ್ಡ್. ವ್ಯತ್ಯಾಸ ಅಷ್ಟೇ.

ಅದೇ ನಿಯಮ ನಾಳೆ ಇಲ್ಲಿಗೆ ತನ್ನಿ ಅಂತ ಹೇಳ್ತಿಲ್ಲ. ನಮ್ಮ ಫ್ರಾಂಚೈಸಿ ಲೀಗ್‌ಗಳು ಹುಟ್ಟಿರೋ ರೀತಿಯೇ ಬೇರೆ, ಅಲ್ಲಿ ಮೂಲ ಸಂಘ ಅನ್ನೋದೇ ಇಲ್ಲ. ಆದ್ರೆ ಫ್ಯಾನ್ಸ್ ಪ್ರತಿನಿಧಿ ಒಬ್ಬರನ್ನ ಕೂರಿಸ್ಕೊಂಡು ಟಿಕೆಟ್ ಬೆಲೆ, ಗೇಟು, ನೀರು, ಸುರಕ್ಷತೆ ಬಗ್ಗೆ ಮಾತಾಡೋಕೆ ಯಾವ ನಿಯಮವೂ ಅಡ್ಡ ಬರಲ್ಲ. ಅಷ್ಟನ್ನ ಕೇಳಬಹುದಲ್ಲ?

ನಿಮ್ಮ ಪ್ರಕಾರ, ನಿಮ್ಮ ತಂಡದಲ್ಲಿ ನಿಮಗೆ ಒಂದೇ ಒಂದು ವೋಟು ಸಿಕ್ಕಿದ್ರೆ ಅದನ್ನ ಯಾವ ವಿಷಯಕ್ಕೆ ಹಾಕ್ತೀರಿ? ವಾಯ್ಸ್ ನೋಟ್ ಕಳ್ಸಿ, ಒಂದು ನಿಮಿಷದ ಒಳಗೆ. ಚೆನ್ನಾಗಿರೋದನ್ನ ಮುಂದಿನ ಎಪಿಸೋಡ್‌ನಲ್ಲಿ ಹಾಕೋಣ. ಸಿಗೋಣ, ನಮಸ್ಕಾರ.