ಲೋಕಸಭೆಯ ಎರಡು ಲೆಕ್ಕ

(ಗಿರಣಿ ಕೆಲಸಗಾರರು ಮತ್ತು ಚಿಲ್ಲರೆ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆಯ ಫಲಿತಾಂಶ ಬಂದ ದಿನ ನಾವೆಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾರಿಗೆ ಎಷ್ಟು ಸ್ಥಾನ? ಉತ್ತರ ಸಿಕ್ಕಿದ ಕೂಡಲೇ ಲೆಕ್ಕ ಮುಗಿಯಿತೆಂದು ಪುಸ್ತಕ ಮಡಿಸುತ್ತೇವೆ. ಅಂಗಡಿಕಾರನು ಹಾಗೆ ಮಾಡುವುದಿಲ್ಲ. ಗಲ್ಲಾದಲ್ಲಿ ಎಷ್ಟು ಹಣ ಬಂದಿದೆ, ಎಷ್ಟು ಸರಕು ಹೊರಗೆ ಹೋಗಿದೆ, ಎರಡನ್ನೂ ತಾಳೆ ನೋಡಿಯೇ ಬಾಗಿಲು ಹಾಕುತ್ತಾನೆ. ಲೋಕಸಭೆಗೂ ಎರಡು ಲೆಕ್ಕಗಳಿವೆ. ಒಂದು ಸ್ಥಾನಗಳದ್ದು, ಇನ್ನೊಂದು ಮತಗಳದ್ದು. ಇವೆರಡೂ ತಾಳೆಯಾಗದೆ ಇರುವುದು ಏತಕ್ಕೆ, ಅದರಿಂದ ನಮಗೆ ಏನಾಗುತ್ತದೆ ಎಂಬುದೇ ಇಂದಿನ ಮಾತು.

ಮೊದಲನೆಯ ಮಹಾ ಚುನಾವಣೆಯನ್ನೇ ತೆಗೆದುಕೊಳ್ಳೋಣ. 1952ರಲ್ಲಿ 489 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 364 ಬಂದವು. ನಾಲ್ಕರಲ್ಲಿ ಮೂರು ಪಾಲು ಎನ್ನಬಹುದು. ಆದರೆ ಅದಕ್ಕೆ ಬಿದ್ದ ಮತ ನೂರಕ್ಕೆ 45 ಮಾತ್ರ. ಸಮಾಜವಾದಿ ಪಕ್ಷಕ್ಕೆ ನೂರಕ್ಕೆ ಹತ್ತೂವರೆ ಮತ ಬಿದ್ದಿತು, ಸ್ಥಾನ 12. ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಸುಮಾರು 6 ಮತ, ಸ್ಥಾನ 9. ಮತದ ಪ್ರಮಾಣದಲ್ಲಿ ಹಂಚಿದ್ದರೆ ಕಾಂಗ್ರೆಸ್ಸಿಗೆ ಸುಮಾರು 220 ಸ್ಥಾನ, ಈ ಎರಡು ಪಕ್ಷಗಳಿಗೆ ಸೇರಿ ಸುಮಾರು 80 ಸ್ಥಾನ ಬರಬೇಕಾಗಿತ್ತು. ಬಂದದ್ದು 21. ಇನ್ನೊಂದು ವಿಚಿತ್ರ ನೋಡಿ. ಕಮ್ಯುನಿಸ್ಟ್ ಪಕ್ಷಕ್ಕೆ ನೂರಕ್ಕೆ 3ಕ್ಕಿಂತ ಸ್ವಲ್ಪ ಹೆಚ್ಚು ಮತ, ಆದರೆ 16 ಸ್ಥಾನ. ಅವರು ಬಲವಿದ್ದ ಕಡೆ ಮಾತ್ರ, ಕೇವಲ 49 ಕ್ಷೇತ್ರಗಳಲ್ಲಿ ನಿಂತರು. ಸಮಾಜವಾದಿಗಳು 254 ಕ್ಷೇತ್ರಗಳಲ್ಲಿ ನಿಂತರು. ಒಂದೆಡೆ ರಾಶಿ ಹಾಕಿದ ಧಾನ್ಯವನ್ನು ಅಳೆದುಕೊಳ್ಳಬಹುದು, ಊರೆಲ್ಲಾ ಚೆಲ್ಲಿದರೆ ಸೇರಿಗೂ ಸಿಕ್ಕುವುದಿಲ್ಲ.

ಇದು ಕಳ್ಳಮತದ ಮಾತಲ್ಲ, ಪದ್ಧತಿಯ ಮಾತು. ಒಂದು ಕ್ಷೇತ್ರದಲ್ಲಿ ಮೂವರು ನಿಂತು ಒಬ್ಬನಿಗೆ 40, ಇನ್ನೊಬ್ಬನಿಗೆ 35, ಮತ್ತೊಬ್ಬನಿಗೆ 25 ಮತ ಬಿದ್ದರೆ 40 ಬಂದವನು ಗೆದ್ದ. ಉಳಿದ 60 ಮತಗಳಿಗೆ ಲೋಕಸಭೆಯಲ್ಲಿ ಬಾಯಿಯೇ ಇಲ್ಲ. ಮೂರು ಪಾಳಿಯವರು ದುಡಿದು ಬೋನಸ್ಸು ಒಂದೇ ಪಾಳಿಗೆ ಹೋದ ಹಾಗೆ.

ಈ ಲಾಭ ಒಂದೇ ಪಕ್ಷಕ್ಕೆ ಮೀಸಲು ಎಂದೂ ತಿಳಿಯಬೇಡಿ. ಯಾರು ಮುಂದಿರುತ್ತಾರೋ ಅವರಿಗೆ ತಕ್ಕಡಿ ವಾಲುತ್ತದೆ. 1977ರಲ್ಲಿ ಜನತಾ ಪಕ್ಷಕ್ಕೆ ನೂರಕ್ಕೆ 41 ಮತ, 295 ಸ್ಥಾನ. 1984ರಲ್ಲಿ ಕಾಂಗ್ರೆಸ್ಸಿಗೆ 400ಕ್ಕೂ ಮೇಲೆ ಸ್ಥಾನ ಬಂದಾಗಲೂ ಮತ ಅರ್ಧ ಮುಟ್ಟಲಿಲ್ಲ. ಆಗ ಭಾರತೀಯ ಜನತಾ ಪಕ್ಷಕ್ಕೆ ನೂರಕ್ಕೆ ಏಳಕ್ಕೂ ಹೆಚ್ಚು ಮತ ಬಿದ್ದು ಎರಡೇ ಸ್ಥಾನ ದಕ್ಕಿದವು. 2014ರಲ್ಲಿ ಅದೇ ಪಕ್ಷ ನೂರಕ್ಕೆ 31 ಮತದಿಂದ 282 ಸ್ಥಾನ ಪಡೆಯಿತು. ಅದೇ ವರ್ಷ ಬಹುಜನ ಸಮಾಜ ಪಕ್ಷಕ್ಕೆ ಎರಡು ಕೋಟಿಗೂ ಹೆಚ್ಚು ಜನ ಮತ ಕೊಟ್ಟರು. ಒಂದು ಸ್ಥಾನವೂ ಬರಲಿಲ್ಲ. 1952ರಿಂದ 2024ರವರೆಗೆ ಯಾವ ಒಂದು ಪಕ್ಷಕ್ಕೂ ದೇಶದ ಅರ್ಧ ಮತ ಬಂದಿಲ್ಲ. ಆದರೂ ಎಷ್ಟು ಸಲ 'ದೇಶವೆಲ್ಲಾ ನಮ್ಮ ಹಿಂದಿದೆ' ಎಂಬ ಮಾತು ಕೇಳಿದ್ದೇವೆ!

ನಮ್ಮ ಕರ್ನಾಟಕದ ಲೆಕ್ಕವೂ ಹೀಗೆಯೇ. 2004ರಲ್ಲಿ ಲೋಕಸಭೆಗೆ ಇಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಮತ ಭಾರತೀಯ ಜನತಾ ಪಕ್ಷದ ಮತಕ್ಕಿಂತ ಹೆಚ್ಚು. ಸ್ಥಾನ ಮಾತ್ರ ಕಾಂಗ್ರೆಸ್ಸಿಗೆ 8, ಭಾಜಪಕ್ಕೆ 18. 2024ರಲ್ಲಿ ಭಾಜಪಕ್ಕೆ ನೂರಕ್ಕೆ 46 ಮತ, 17 ಸ್ಥಾನ; ಕಾಂಗ್ರೆಸ್ಸಿಗೆ 45 ಮತ, 9 ಸ್ಥಾನ. ಒಂದು ಮತದ ಅಂತರಕ್ಕೆ ಎಂಟು ಸ್ಥಾನದ ಅಂತರ.

ಇರಲಿ, ಇದರಿಂದ ನಮಗೇನು ಎಂದು ಕೇಳಬಹುದು. ಕಾನೂನು ಆಗುವುದು ಸ್ಥಾನಗಳ ಲೆಕ್ಕದಿಂದ. 2019ರ ಲೋಕಸಭೆಯಲ್ಲಿ ಆಳುವ ಪಕ್ಷಕ್ಕೆ 303 ಸ್ಥಾನಗಳಿದ್ದವು, ಮತ ನೂರಕ್ಕೆ 37. ಆ ಸಭೆಯೇ 2019ರಲ್ಲಿ ವೇತನ ಸಂಹಿತೆಯನ್ನೂ 2020ರಲ್ಲಿ ಇನ್ನು ಮೂರು ಕಾರ್ಮಿಕ ಸಂಹಿತೆಗಳನ್ನೂ ಒಪ್ಪಿತು. ಹಳೆಯ 29 ಕಾನೂನುಗಳು ನಾಲ್ಕರಲ್ಲಿ ಅಡಗಿದವು. ಅವುಗಳ ಗುಣದೋಷ ಬೇರೆ ದಿನದ ಮಾತು. ಆದರೆ ಕೂಲಿ, ಕೆಲಸದ ವೇಳೆ, ಮುಷ್ಕರದ ಹಕ್ಕು, ಇಂಥ ವಿಷಯದಲ್ಲಿ ಎದುರು ಪಕ್ಷದವರ ಮಾತು ಕೇಳಲೇಬೇಕೆಂಬ ಒತ್ತಡ ಅಂಥ ಸಭೆಯಲ್ಲಿ ಇರುವುದಿಲ್ಲ. ವ್ಯಾಪಾರಿ ತೆರುವ ತೆರಿಗೆಯ ಕಾನೂನಿಗೂ ಇದೇ ಮಾತು.

ಹಾಗಾದರೆ ಸಣ್ಣ ಸಂಖ್ಯೆಯವರು ಸಭೆಯಲ್ಲಿದ್ದು ಪ್ರಯೋಜನವಿಲ್ಲವೇ? ಇದೆ. 1963ರಲ್ಲಿ ಅಮ್ರೋಹಾದಿಂದ ಕೃಪಲಾನಿ, ಫರೂಕಾಬಾದಿನಿಂದ ಲೋಹಿಯಾ, ರಾಜಕೋಟೆಯಿಂದ ಮಸಾನಿ, ಮೂವರೂ ಉಪಚುನಾವಣೆಗಳಲ್ಲಿ ಗೆದ್ದು ಬಂದರು. ಆ ಆಗಸ್ಟಿನಲ್ಲಿ ಕೃಪಲಾನಿಯವರು ತಂದ ಅವಿಶ್ವಾಸ ನಿರ್ಣಯವೇ ಲೋಕಸಭೆ ಕಂಡ ಮೊದಲನೆಯದು. ಪರ 62, ವಿರೋಧ 347. ನಿರ್ಣಯ ಬಿದ್ದಿತು. ಆದರೆ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಹಿಯಾ ಹೇಳಿದ ಮಾತು ಬೀಳಲಿಲ್ಲ. ಹದಿನೈದಾಣೆ ಎಂದು ಸರ್ಕಾರ ಉತ್ತರ ಕೊಡಬೇಕಾಯಿತು, ಬಡವನ ಆದಾಯ ಎಷ್ಟೆಂಬುದು ದೇಶದ ಚರ್ಚೆಯಾಯಿತು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗದಲ್ಲಿ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಅವರ ಪಕ್ಷಕ್ಕಿದ್ದದ್ದು 520ರಲ್ಲಿ 23 ಸ್ಥಾನ. ಒಬ್ಬ ಸದಸ್ಯನಿದ್ದರೂ ಮಾತು ಒಳಗೆ ಹೋಗುತ್ತದೆ, ಒಬ್ಬನೂ ಇಲ್ಲದಿದ್ದರೆ ಬಾಗಿಲಲ್ಲೇ ಉಳಿಯುತ್ತದೆ.

ಮತದ ಪ್ರಮಾಣದಲ್ಲಿ ಸ್ಥಾನ ಹಂಚುವ ಪದ್ಧತಿ ಬೇಕೆಂದು ಸಂವಿಧಾನ ಸಭೆಯಲ್ಲೇ ಕೇಳಿದವರಿದ್ದರು. 1949ರ ಜನವರಿಯಲ್ಲಿ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಓದುಬರಹ ಬಾರದ ಮತದಾರರಿಗೆ ಅದು ಕಷ್ಟ, ಸಭೆ ಚೂರುಚೂರಾಗಿ ಸರ್ಕಾರ ನಿಲ್ಲುವುದಿಲ್ಲ ಎಂಬುದು ಅವರ ವಾದ. ಮೊದಲನೆಯ ಕಾರಣದ ಬಲ ಈಗ ಬಹಳ ಕುಗ್ಗಿದೆ. ಎರಡನೆಯದನ್ನು ಹಗುರವಾಗಿ ತಳ್ಳುವಂತಿಲ್ಲ. ನೇಪಾಳದ 2015ರ ಸಂವಿಧಾನ 275 ಸ್ಥಾನಗಳಲ್ಲಿ 165ನ್ನು ಕ್ಷೇತ್ರಗಳಿಗೂ 110ನ್ನು ಮತದ ಪ್ರಮಾಣಕ್ಕೂ ಇಟ್ಟಿತು. ಅಲ್ಲಿ ಸರ್ಕಾರಗಳು ಬೇಗ ಬೇಗ ಬದಲಾದವು. ಜರ್ಮನಿಯಲ್ಲಿ ನೂರಕ್ಕೆ 5 ಮತ ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಪಾಲಿಲ್ಲವೆಂಬ ಕಟ್ಟು ಹಾಕಿ ಇದೇ ಪದ್ಧತಿಯನ್ನು ದಶಕಗಳಿಂದ ನಡೆಸಿದ್ದಾರೆ. ಅಷ್ಟು ದೂರ ಏಕೆ? ನಮ್ಮ ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಆರಿಸುವುದು ಪ್ರಮಾಣದ ಪದ್ಧತಿಯಿಂದಲೇ. ಶಾಸಕರ ಮತವನ್ನು ತೂಗಲು ಬರುವ ತಕ್ಕಡಿ ಕೂಲಿಕಾರನ ಮತಕ್ಕೆ ಏಕೆ ಬಾರದು?

ಪದ್ಧತಿ ನಾಳೆಯೇ ಬದಲಾಗದು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸ ಎರಡು. ಒಂದೇ ಮಾತಾಡುವ ಮೂರು ಪಕ್ಷದವರು ಒಂದೇ ಕ್ಷೇತ್ರದಲ್ಲಿ ನಿಂತು ಒಬ್ಬರ ಮತ ಒಬ್ಬರು ತಿನ್ನುವುದನ್ನು ನಿಲ್ಲಿಸಬೇಕು; 1952ರ ಪಾಠ ಅದೇ. ಆ ವರ್ಷವೇ ಸಮಾಜವಾದಿಗಳೂ ಕೃಪಲಾನಿಯವರ ಪಕ್ಷವೂ ಒಂದಾದವು, ಆದರೆ ಚುನಾವಣೆ ಮುಗಿದ ಮೇಲೆ. ಎರಡನೆಯದಾಗಿ, ಗೆದ್ದವರು ಬಹುಮತದ ಮಾತು ತೆಗೆದಾಗ ಅವರ ಮುಂದೆ ಎರಡನೆಯ ಲೆಕ್ಕವನ್ನೂ ಇಡಬೇಕು. ಸರ್ಕಾರ ನಡೆಸುವ ಹಕ್ಕು ಅವರಿಗಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಉಳಿದ ಅರ್ಧಕ್ಕೂ ಹೆಚ್ಚು ಜನರನ್ನು ಕೇಳದೆ ಅವರ ಕೂಲಿಯ ಕಾನೂನು ಬರೆಯುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಈ ಮಾತನ್ನು ನಾಳೆಯ ಪಾಳಿಯಲ್ಲಿ ಪಕ್ಕದವನಿಗೆ ಹೇಳಿ, ಅಂಗಡಿಗೆ ಬಂದ ಗಿರಾಕಿಗೂ ಹೇಳಿ.